ಎದುರುಪಕ್ಷದ ಕಡತದಲ್ಲಿ ಉಳಿದ ಕನ್ನಡ

ಕನ್ನಡ ಅಧ್ಯಯನವೆಂಬ ನಮ್ಮ ಶಿಸ್ತು ಕಾನೂನು ದಾಖಲೆಗಳ ಅಡಿಪಾಯದ ಮೇಲೆ ನಿಂತಿದೆ ಎಂದರೆ ಮೊದಲ ಕೇಳಿಕೆಗೆ ಅತಿಶಯೋಕ್ತಿ ಎನಿಸಬಹುದು. ಆದರೆ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನ ಕಾವ್ಯಖಂಡವಲ್ಲ. ಅದೊಂದು ದತ್ತಿಯ ದಾಖಲೆ. ಯಾರಿಗೆ, ಯಾವ ಕಾರಣಕ್ಕೆ, ಏನನ್ನು ಕೊಡಲಾಯಿತು, ಅದನ್ನು ಅಳಿಸಿದವರಿಗೆ ಎಂಥ ಪಾತಕ ತಟ್ಟುತ್ತದೆ ಎಂಬುದನ್ನು ಅದು ಹೇಳುತ್ತದೆ. ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1886ರಿಂದ ಹೊರಬರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಬಹುಭಾಗ ಭೂಮಿ, ತೆರಿಗೆ, ಎಲ್ಲೆ, ಉಂಬಳಿಗಳಿಗೆ ಸಂಬಂಧಿಸಿದ ಬರಹವೇ ಆಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು, ಮಠಗಳಲ್ಲಿ ಉಳಿದು ಬಂದ ಕಡತಗಳು ಇದೇ ಸಾಲಿಗೆ ಸೇರುತ್ತವೆ. ಇವುಗಳನ್ನು ಬರೆದವರು ಮುಂದಿನವರಿಗೆ ಭಾಷಾಚರಿತ್ರೆಯ ಆಕರ ಒದಗಿಸುತ್ತಿದ್ದೇವೆಂದು ಭಾವಿಸಿರಲಿಲ್ಲ. ಅವರು ಹಕ್ಕನ್ನು ಸ್ಥಾಪಿಸಲು ಬರೆದರು; ನಾವು ಅದರಲ್ಲಿ ಭಾಷೆಯನ್ನೂ ಬದುಕನ್ನೂ ಓದಿದೆವು.

ಹೀಗಿದ್ದೂ ಇಪ್ಪತ್ತನೆಯ ಶತಮಾನಕ್ಕೆ ಬಂದ ಕೂಡಲೇ ನಮ್ಮ ಗಮನ ಬಹುಮಟ್ಟಿಗೆ ಅಚ್ಚಾದ ಪುಸ್ತಕ ಮತ್ತು ಪತ್ರಿಕೆಗಳ ಕಡೆಗೆ ಹೊರಳುತ್ತದೆ. ಹಕ್ಕಿಗಾಗಿ ಬರೆಯುವ ಕೆಲಸವನ್ನು ಜನ ನಿಲ್ಲಿಸಿಬಿಟ್ಟರೋ ಎಂಬಂತೆ ನಾವು ನಡೆದುಕೊಂಡಿದ್ದೇವೆ. ವಾಸ್ತವದಲ್ಲಿ ಅವರು ನಿಲ್ಲಿಸಲಿಲ್ಲ. ಹಿಂದೆಂದಿಗಿಂತ ಹೆಚ್ಚು ಬರೆದರು. ಕಲ್ಲಿನ ಮೇಲಲ್ಲ, ತಾಳೆಗರಿಯ ಮೇಲಲ್ಲ, ಗೆರೆ ಎಳೆದ ಹಾಳೆಗಳ ಮೇಲೆ ಬರೆದರು. ಆ ಹಾಳೆಗಳ ಒಂದು ದೊಡ್ಡ ರಾಶಿ ಸೇರಿರುವ ಜಾಗ ನಗರಾಡಳಿತದ ಕಾನೂನು ವಿಭಾಗ. ಪಾಲಿಕೆಯ ಮೇಲೆ ಹೂಡಿದ ದಾವೆಗಳು, ಪಾಲಿಕೆ ಹೊರಡಿಸಿದ ನೋಟೀಸುಗಳು, ಅವಕ್ಕೆ ಜನ ಕೊಟ್ಟ ಉತ್ತರಗಳು, ವಕೀಲರ ಅಭಿಪ್ರಾಯಗಳು ಇವೆಲ್ಲ ಅಲ್ಲಿನ ಕಡತಗಳಲ್ಲಿ ಒಟ್ಟಾಗಿರುತ್ತವೆ. ಈ ದಾಖಲೆಗಳನ್ನು ಕನ್ನಡದ ಆಕರವೆಂದು ಏಕೆ ಪರಿಗಣಿಸಬೇಕು, ಮತ್ತು ಇಂದೇ ಏಕೆ ಪರಿಗಣಿಸಬೇಕು ಎಂಬುದನ್ನು ನನ್ನ ಸೀಮಿತ ಅನುಭವದ ಹಿನ್ನೆಲೆಯಲ್ಲಿ ಚರ್ಚಿಸುವುದು ಪ್ರಸ್ತುತ ಬರಹದ ಉದ್ದೇಶ.

ಈ ಕಾಗದಗಳ ಪರಿಚಯ ನನಗೆ ಆದದ್ದು ಸಂಶೋಧಕನಾಗಿ ಅಲ್ಲ, ಭಾಷಾಂತರಕಾರನಾಗಿ. 1990ರ ದಶಕದ ಕೊನೆಯ ಭಾಗದಲ್ಲಿ ನಾನು ಬೆಂಗಳೂರಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದೆ. ಜೊತೆಗೆ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ನಗರಾಡಳಿತದ ಪರವಾಗಿ ಉಚ್ಚ ನ್ಯಾಯಾಲಯದಲ್ಲಿ ವಾದಿಸುತ್ತಿದ್ದ ಹಿರಿಯ ವಕೀಲರೊಬ್ಬರ ಕಚೇರಿಗೆ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ ಕೊಡುವವರು ಬೇಕಾಗಿದ್ದರು. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ವ್ಯವಹಾರದ ಭಾಷೆ ಇಂಗ್ಲಿಷ್. ಹಾಗಾಗಿ ನೋಟೀಸು, ಉತ್ತರ, ಮಹಜರು ಯಾವುದೇ ಕನ್ನಡದಲ್ಲಿದ್ದರೂ ನ್ಯಾಯಪೀಠದ ಮುಂದಿಡುವಾಗ ಭಾಷಾಂತರವನ್ನು ಲಗತ್ತಿಸಬೇಕಾಗುತ್ತಿತ್ತು. ಸಂಜೆಯ ಹೊತ್ತು ಅಲ್ಲಿಗೆ ಹೋಗಿ ಪುಟಕ್ಕಿಷ್ಟೆಂದು ಸಂಭಾವನೆ ಪಡೆದು ಸುಮಾರು ಎರಡು ವರ್ಷ ನಾನು ಈ ಕೆಲಸ ಮಾಡಿದೆ. ಹಗಲು ಹಳಗನ್ನಡ ಪಠ್ಯಗಳ ಪಾಠಾಂತರ, ಸಂಜೆ ಮನೆಯ ಮುಂದಿನ ಶೀಟಿನ ಮಾಡಿನ ಬಗೆಗಿನ ತಕರಾರು. ಇವೆರಡೂ ಒಂದೇ ಭಾಷೆಯ ಕೆಲಸವೆಂದು ನನಗೆ ಮನವರಿಕೆಯಾಗಲು ಬಹಳ ದಿನ ಹಿಡಿಯಲಿಲ್ಲ.

ಹೆಚ್ಚಿನ ಕಡತಗಳು ಅನುಮತಿಯಿಲ್ಲದ ಕಟ್ಟಡಗಳಿಗೆ ಸಂಬಂಧಿಸಿದವು. ಕರ್ನಾಟಕ ಮಹಾನಗರಪಾಲಿಕೆಗಳ ಅಧಿನಿಯಮ, 1976ರ 321ನೆಯ ಪ್ರಕರಣ ಇದಕ್ಕೆ ಮೂರು ಹಂತಗಳನ್ನು ವಿಧಿಸುತ್ತದೆ. ಮೊದಲು ತೆರವುಗೊಳಿಸಬೇಕೆಂಬ ತಾತ್ಕಾಲಿಕ ಆದೇಶ. ಅದರೊಡನೆ, ಈ ಆದೇಶವನ್ನು ಏಕೆ ಸ್ಥಿರೀಕರಿಸಬಾರದೆಂದು ಕಾರಣ ಕೇಳುವ ನೋಟೀಸು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ಸ್ಥಿರೀಕರಣ ಆದೇಶ. ಮೊದಲನೆಯ ಮತ್ತು ಮೂರನೆಯ ಕಾಗದಗಳು ಅಚ್ಚಾದ ನಮೂನೆಗಳು. ಖಾಲಿ ಜಾಗದಲ್ಲಿ ಹೆಸರು, ಸ್ವತ್ತಿನ ಸಂಖ್ಯೆ, ಅಳತೆ ತುಂಬಿದರೆ ಮುಗಿಯಿತು. ಸಾವಿರ ಜನರಿಗೆ ಹೋದರೂ ಅವುಗಳ ಭಾಷೆ ಒಂದೇ. ನಡುವಿನ ನೋಟೀಸಿಗೆ ಬಂದ ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ. ಕಾನೂನು ಬಾಯಿಬಿಡಲು ಕೊಟ್ಟ ಆ ಕೆಲವು ದಿನಗಳ ಅವಕಾಶದಲ್ಲಿ ನಗರದ ಸಾಮಾನ್ಯನೊಬ್ಬ ಪ್ರಭುತ್ವದೊಡನೆ ಲಿಖಿತ ಕನ್ನಡದಲ್ಲಿ ಮಾತಾಡುತ್ತಾನೆ.

ಕಡತವೊಂದರ ರಚನೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದರಲ್ಲಿ ಎರಡು ಭಾಗಗಳಿರುತ್ತವೆ: ಟಿಪ್ಪಣಿ ಹಾಳೆಗಳು ಮತ್ತು ಪತ್ರವ್ಯವಹಾರ. ಟಿಪ್ಪಣಿ ಹಾಳೆಯಲ್ಲಿ ಗುಮಾಸ್ತರಿಂದ ಹಿಡಿದು ಮೇಲಧಿಕಾರಿಯವರೆಗೆ ಒಬ್ಬರಾದ ಮೇಲೊಬ್ಬರು ಬರೆಯುತ್ತಾರೆ. ‘ಆದೇಶಕ್ಕಾಗಿ ಮಂಡಿಸಿದೆ’, ‘ಚರ್ಚಿಸಿ’, ‘ಕಾನೂನು ಅಭಿಪ್ರಾಯ ಪಡೆಯಿರಿ’ ಎಂಬ ಚುಟುಕು ವಾಕ್ಯಗಳಲ್ಲಿ ಕಚೇರಿ ತನ್ನೊಳಗೆ ತಾನೇ ಮಾತಾಡಿಕೊಳ್ಳುತ್ತದೆ. ಪತ್ರವ್ಯವಹಾರದ ಭಾಗದಲ್ಲಿ ನೋಟೀಸಿನ ಪ್ರತಿ, ಸ್ಥಳ ಮಹಜರು, ನಕ್ಷೆ, ಉತ್ತರ, ನೆರೆಯವರ ದೂರು, ವಕಾಲತ್ತು, ದಾವೆಯ ಪ್ರತಿ, ಎಂಜಿನಿಯರು ಬರೆದ ಪ್ಯಾರಾವಾರು ಷರಾ ಇವೆಲ್ಲ ಸೇರಿರುತ್ತವೆ. ಹೀಗೆ ಒಂದೇ ಗೋಡೆಯ ಬಗೆಗೆ ನಾಲ್ಕೈದು ಬಗೆಯ ಕನ್ನಡ ಒಂದೇ ದಾರಕ್ಕೆ ಪೋಣಿಸಿದಂತೆ ಸಿಕ್ಕುತ್ತದೆ. ಭಾಷಾವಿಜ್ಞಾನದ ವಿದ್ಯಾರ್ಥಿಗೆ ಇಂಥ ಅನುಕೂಲ ಬೇರೆ ಕಡೆ ಸುಲಭವಾಗಿ ಒದಗದು.

ಆ ಭಾಷೆಯ ಪದರಗಳನ್ನೇ ನೋಡಬಹುದು. ಅರ್ಜಿ, ತಕರಾರು, ವಕಾಲತ್ತು, ಮಹಜರು, ರುಜು, ಹಾಜರು, ಮಂಜೂರು, ಕಬ್ಜಾ ಇವು ಫಾರಸಿ-ಅರಬ್ಬಿ ಮೂಲದಿಂದ ಬಂದು ಶತಮಾನಗಳಿಂದ ಬಳಕೆಯಲ್ಲಿರುವ ಮಾತುಗಳು. ಅಧಿಸೂಚನೆ, ಅಧಿನಿಯಮ, ಮೇಲ್ಮನವಿ, ತಡೆಯಾಜ್ಞೆ ಇವು 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತ ಕನ್ನಡದಲ್ಲಿ ವ್ಯಾಪಕವಾಗಿ ನೆಲೆಯೂರಿದವು. ನೋಟೀಸು, ಪ್ಲಾನು, ಲೈಸೆನ್ಸು, ಸ್ಟೇ ಇವು ಇಂಗ್ಲಿಷಿನವು. ಪಾಲಿಕೆಯ ನೋಟೀಸು ಎರಡನೆಯ ಪದರವನ್ನು ನೆಚ್ಚಿಕೊಂಡಿರುತ್ತದೆ, ಕ್ರಿಯಾಪದಗಳೆಲ್ಲ ಕರ್ಮಣಿಯಲ್ಲಿರುತ್ತವೆ. ‘ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು’ ಎಂಬಲ್ಲಿ ಜರುಗಿಸುವವರು ಯಾರೆಂಬುದು ತಿಳಿಯುವುದಿಲ್ಲ. ಉತ್ತರ ಬರೆಯುವವರು ಮೊದಲ ಮತ್ತು ಮೂರನೆಯ ಪದರಗಳನ್ನು ಬೆರೆಸುತ್ತಾರೆ, ಮತ್ತು ಅವರ ವಾಕ್ಯಗಳಲ್ಲಿ ಕರ್ತೃ ಸದಾ ಹಾಜರಿರುತ್ತಾನೆ. ನಾನು ಕೊಂಡೆ, ನಾನು ಕಟ್ಟಿದೆ, ನಿಮ್ಮ ಕಡೆಯವರು ಬಂದರು, ನನ್ನನ್ನು ಕೇಳಲಿಲ್ಲ. ಕೆಲವು ಉತ್ತರಗಳಲ್ಲಿ ನೋಟೀಸಿನ ‘ಸದರಿ’, ‘ಮೇಲ್ಕಂಡ’ಗಳನ್ನು ಎರವಲು ಪಡೆಯುವ ಪ್ರಯತ್ನ ಮೊದಲೆರಡು ವಾಕ್ಯಗಳಲ್ಲಿ ಕಾಣುತ್ತದೆ, ಮೂರನೆಯ ವಾಕ್ಯದ ಹೊತ್ತಿಗೆ ಮನೆಮಾತು ಒಳಗೆ ಬಂದಿರುತ್ತದೆ.

ಒಂದು ಉತ್ತರವನ್ನು ಹೆಸರು, ಬಡಾವಣೆಗಳನ್ನು ಬಿಟ್ಟು ಇಲ್ಲಿ ಸ್ಮರಿಸುತ್ತೇನೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮನೆಯ ಮುಂಭಾಗವನ್ನು ಒಂದಿಷ್ಟು ಮುಂದಕ್ಕೆ ಚಾಚಿ ಸಣ್ಣ ಅಂಗಡಿ ಮಾಡಿಕೊಂಡಿದ್ದಳು. ನೋಟೀಸು ಕೇಳಿದ್ದು ಒಂದೇ ಪ್ರಶ್ನೆ: ಮಂಜೂರಾದ ನಕ್ಷೆ ಇದೆಯೇ ಇಲ್ಲವೇ. ಆಕೆಯ ಉತ್ತರ ಮೂರು ಪುಟ. ಗಂಡ ಆ ನಿವೇಶನವನ್ನು ಹೇಗೆ ಕಂತಿನಲ್ಲಿ ಕೊಂಡ, ಆಗ ಬೀದಿಯಲ್ಲಿ ಎಷ್ಟು ಮನೆಗಳಿದ್ದವು, ಕೊಳಾಯಿಯ ನೀರಿನ ವಿಷಯವಾಗಿ ಪಕ್ಕದ ಮನೆಯವರೊಡನೆ ಯಾವಾಗ ಮಾತು ಬೆಳೆಯಿತು, ಅವರೇ ದೂರು ಕೊಟ್ಟಿರಬೇಕೆಂದು ತಾನೇಕೆ ಭಾವಿಸಿದ್ದಾಳೆ, ಮಗಳ ಮದುವೆಯ ಸಾಲ ಎಷ್ಟು ಉಳಿದಿದೆ, ಅಂಗಡಿಯಲ್ಲಿ ಏನೇನು ಮಾರುತ್ತಾಳೆ ಇವೆಲ್ಲ ಅದರಲ್ಲಿದ್ದವು. ನಕ್ಷೆಯ ಪ್ರಸ್ತಾಪ ಕೊನೆಯ ವಾಕ್ಯದಲ್ಲಿ ಬರುತ್ತಿತ್ತು: ಅದು ತನ್ನ ಬಳಿ ಇಲ್ಲ, ಗಂಡ ಇದ್ದಿದ್ದರೆ ಹೇಳುತ್ತಿದ್ದ.

ಮೂರು ಪುಟವನ್ನೂ ಭಾಷಾಂತರಿಸಿ ನಾನು ಒಪ್ಪಿಸಿದೆ. ವಕೀಲರು ಶ್ರದ್ಧೆಯಿಂದ ಕೊನೆಯವರೆಗೂ ಓದಿದರು. ಅನಂತರ ಪೆನ್ಸಿಲು ತೆಗೆದುಕೊಂಡು ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದರು. “ಮೇಷ್ಟ್ರೇ, ನೀವು ಮಾಡಿರೋದು ಪೂರ್ತಿ ಸರಿಯಾಗಿದೆ. ಆದರೆ ನಾನು ನ್ಯಾಯಾಲಯಕ್ಕೆ ಓದಿ ಹೇಳೋದು ಇಷ್ಟೇ” ಎಂದರು. ಅವರ ಮಾತಿನಲ್ಲಿ ತಾತ್ಸಾರವಿರಲಿಲ್ಲ. ನ್ಯಾಯಾಲಯದ ಎದುರಿಗಿದ್ದ ಪ್ರಶ್ನೆಗೆ ಉತ್ತರ ನಿಜವಾಗಿಯೂ ಆ ಒಂದೇ ವಾಕ್ಯದಲ್ಲಿತ್ತು. ಕಾನೂನು ತನಗೆ ಪ್ರಸ್ತುತವಾದುದನ್ನು ಅಪ್ರಸ್ತುತವಾದುದರಿಂದ ಬೇರ್ಪಡಿಸಲೇಬೇಕು, ಇಲ್ಲವಾದರೆ ಅದು ತೀರ್ಮಾನಕ್ಕೆ ಬರಲಾರದು. ಆದರೆ ಉಳಿದ ಎರಡೂ ಮುಕ್ಕಾಲು ಪುಟ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನನ್ನ ಶಿಸ್ತಿಗೆ ಸೇರಿದ್ದು. ನ್ಯಾಯಾಲಯಕ್ಕೆ ಅಪ್ರಸ್ತುತವಾದ ಆ ಭಾಗವೇ ನಮಗೆ ಪ್ರಸ್ತುತವಾದದ್ದು.

ಇಂಥ ಕಾಗದದ ಪಯಣವನ್ನು ಹಂತಹಂತವಾಗಿ ಗಮನಿಸಬೇಕು. ಕನ್ನಡದ ಉತ್ತರ ಇಂಗ್ಲಿಷ್ ಲಗತ್ತಾಗುತ್ತದೆ. ಲಗತ್ತು ತಕರಾರು ಹೇಳಿಕೆಯ ಒಂದು ಕಂಡಿಕೆಯಾಗುತ್ತದೆ. ಆದೇಶದಲ್ಲಿ ಅದು ಉತ್ತರ ಪರಿಶೀಲಿಸಲಾಯಿತು ಎಂಬಷ್ಟಕ್ಕೆ ಇಳಿಯುತ್ತದೆ. ಕಾನೂನು ವರದಿಗಳಲ್ಲಿ ಅಚ್ಚಾಗುವ ತೀರ್ಪುಗಳು ನಡೆದ ಮೊಕದ್ದಮೆಗಳಲ್ಲಿ ಒಂದು ಸಣ್ಣ ಪಾಲು ಮಾತ್ರ. ಉಳಿದವಕ್ಕೆ ಆ ಒಂದು ಸಾಲಿನ ಭಾಗ್ಯವೂ ಇಲ್ಲ. ಉತ್ತರ ಬರೆದವರು ಪ್ರತಿ ಇಟ್ಟುಕೊಂಡಿರುವುದು ಅಪರೂಪ. ಅಂದರೆ ಆ ಹೆಣ್ಣುಮಗಳ ಮೂರು ಪುಟ ಕನ್ನಡ ಮೂಲದಲ್ಲಿ ಉಳಿದಿದ್ದರೆ ಅದು ಉಳಿದಿರುವುದು ಆಕೆಯ ಮನೆಯಲ್ಲಿ ಅಲ್ಲ, ನ್ಯಾಯಾಲಯದ ತೀರ್ಪಿನಲ್ಲಿ ಅಲ್ಲ. ಆಕೆಯ ಎದುರುಪಕ್ಷವಾದ ನಗರಾಡಳಿತದ ಕಾನೂನು ವಿಭಾಗದ ಕಡತದಲ್ಲಿ. ನಗರದ ಸಾಮಾನ್ಯರ ಕನ್ನಡ ಗದ್ಯದ ಬಹುದೊಡ್ಡ ಭಾಗ ಅವರ ವಿರುದ್ಧ ನಿಂತವರ ಕಪಾಟಿನಲ್ಲಿ ಕಾಯ್ದಿಟ್ಟಿದೆ. ಈ ದಾಖಲೆಗಳ ಮಹತ್ವವೂ ಅವುಗಳ ಅಪಾಯವೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಶಾಸನಗಳನ್ನು ಓದಿ ಬಂದವರಿಗೆ ಈ ಕಾಗದಗಳಲ್ಲಿ ಪರಿಚಿತವಾದ ಹಲವು ಅಂಶಗಳು ಎದುರಾಗುತ್ತವೆ. ಅವುಗಳಲ್ಲಿ ಮೊದಲನೆಯದು ಚಕ್ಕುಬಂದಿ. ದಾನಶಾಸನಗಳು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಎಲ್ಲೆಗಳನ್ನು ಗುರುತಿಸಿ ಕಲ್ಲು, ಮರ, ಹಳ್ಳ, ಕೆರೆಗಳನ್ನು ಸಾಕ್ಷಿಯಾಗಿ ನಿಲ್ಲಿಸುತ್ತವೆ. ಪಾಲಿಕೆಯ ನೋಟೀಸು ಅದೇ ನಾಲ್ಕು ದಿಕ್ಕುಗಳಿಗೆ ಸ್ವತ್ತಿನ ಸಂಖ್ಯೆಗಳನ್ನು ಕೊಡುತ್ತದೆ. ವಯಸ್ಸಾದವರೊಬ್ಬರು ತಮ್ಮ ಉತ್ತರದಲ್ಲಿ ಆ ಸಂಖ್ಯೆಗಳನ್ನು ಒಪ್ಪದೆ ತಮ್ಮದೇ ಚಕ್ಕುಬಂದಿ ಬರೆದಿದ್ದರು: ಒಂದು ಕಡೆ ಕೆರೆಯ ಕೋಡಿಯಿಂದ ಬರುವ ರಾಜಕಾಲುವೆ, ಇನ್ನೊಂದು ಕಡೆ ಮುಚ್ಚಿಹೋದ ಬಾವಿ, ಮತ್ತೊಂದು ಕಡೆ ಹುಣಸೆಮರವಿದ್ದ ಜಾಗ. ತಾವು ಮನೆ ಕಟ್ಟಿದ ವರ್ಷವನ್ನು ಇಸವಿಯಿಂದ ಹೇಳದೆ ಕೋಡಿ ಬಿದ್ದ ವರ್ಷವೆಂದು ಹೇಳಿದ್ದರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಮಾರ್ಪಟ್ಟ ನಗರದಲ್ಲಿ ಇಂಥ ಒಂದು ಚಕ್ಕುಬಂದಿ ಕೇವಲ ಗೃಹವಿರಹದ ಬರಹವಲ್ಲ. ಇಂದು ಕೆರೆ ಮತ್ತು ರಾಜಕಾಲುವೆಗಳ ಒತ್ತುವರಿಯ ಬಗೆಗೆ ನಡೆಯುತ್ತಿರುವ ವಿವಾದಗಳಲ್ಲಿ ನೀರು ಎಲ್ಲಿ ಹರಿಯುತ್ತಿತ್ತು ಎಂಬುದೇ ಮುಖ್ಯ ಪ್ರಶ್ನೆ. ನಕ್ಷೆಗಳು ಹೇಳದ ಎಷ್ಟೋ ಸಂಗತಿಗಳನ್ನು ಈ ಹಳೆಯ ಉತ್ತರಗಳು ಸ್ಥಳೀಯರ ಮಾತಿನಲ್ಲೇ ಹೇಳುತ್ತವೆ.

ಎರಡನೆಯದು ಬರೆದವರ ಗುರುತು. ಶಾಸನದ ಕೊನೆಯಲ್ಲಿ ಅದನ್ನು ಬರೆದವನ, ಕಂಡರಿಸಿದವನ ಹೆಸರು ಬರುವಂತೆ ಹಳೆಯ ಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರಹಗಾರನ ಹೆಸರಿರುತ್ತದೆ. ನೋಟೀಸಿನ ಉತ್ತರಗಳಲ್ಲಿ ಅನೇಕವು ಹೆಬ್ಬೆಟ್ಟಿನ ಗುರುತುಳ್ಳವು. ಅವುಗಳನ್ನು ಬರೆದವರು ಪತ್ರಬರಹಗಾರರೋ, ಬೀದಿಯ ಶಾಲಾ ಮಾಸ್ತರರೋ, ಓದುತ್ತಿರುವ ಮಗನೋ ಮಗಳೋ ಆಗಿರುತ್ತಾರೆ. ಹೀಗಾಗಿ ಒಂದೇ ಕಾಗದದಲ್ಲಿ ಹೇಳಿದವರ ಧ್ವನಿ ಮತ್ತು ಬರೆದವರ ಶೈಲಿ ಎರಡೂ ಇರುತ್ತವೆ. ಪತ್ರಬರಹಗಾರನ ಕೈಯಲ್ಲಿ ಅರ್ಜಿದಾರಳು ‘ನಿರ್ಗತಿಕಳು’ ಆಗುತ್ತಾಳೆ; ಮಗಳು ಬರೆದುಕೊಟ್ಟಾಗ ‘ನಮ್ಮಮ್ಮ’ ಎಂಬ ಮಾತು ನಡುವೆ ನುಸುಳಿರುತ್ತದೆ. ಮೌಖಿಕ ಮತ್ತು ಲಿಖಿತ ಪರಂಪರೆಗಳ ಸಂಬಂಧವನ್ನು ಜನಪದ ಮಹಾಕಾವ್ಯಗಳಲ್ಲಿ ನಾವು ವಿಸ್ತಾರವಾಗಿ ಚರ್ಚಿಸಿದ್ದೇವೆ. ಅದೇ ಸಂಬಂಧ ನಗರದ ಗಲ್ಲಿಗಳಲ್ಲಿ ದಿನನಿತ್ಯ ಹೇಗೆ ನಡೆಯಿತು ಎಂಬುದಕ್ಕೆ ಸಾಕ್ಷ್ಯ ಇಲ್ಲಿದೆ.

ಕೈಫಿಯತ್ತು ಎಂಬ ಪದವನ್ನೂ ಈ ಸಂದರ್ಭದಲ್ಲಿ ನೆನೆಯಬೇಕು. ಮರಾಠಿಯ ನ್ಯಾಯಾಲಯ ವ್ಯವಹಾರದಲ್ಲಿ ಪ್ರತಿವಾದಿ ಸಲ್ಲಿಸುವ ಲಿಖಿತ ಹೇಳಿಕೆಗೆ ಇಂದಿಗೂ ಕೈಫಿಯತ್ ಎಂದೇ ಹೆಸರು. ಮೆಕೆಂಜಿಯ ಕೈಫಿಯತ್ತುಗಳೂ ಅಧಿಕಾರಸ್ಥಾನದಿಂದ ಬಂದ ವಿಚಾರಣೆಗೆ ಸ್ಥಳೀಯರು ಕೊಟ್ಟ ಹೇಳಿಕೆಗಳೇ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಅವುಗಳ ಗುಣ. ಆ ಹೆಚ್ಚುವರಿಯಲ್ಲೇ ಸ್ಥಳಪುರಾಣ, ಕುಲಕಥೆ, ಬರಗಾಲದ ನೆನಪು ಎಲ್ಲವೂ ನಮಗೆ ದಕ್ಕಿದವು. ನೋಟೀಸಿನ ಉತ್ತರಗಳನ್ನು ನಗರದ ಕೈಫಿಯತ್ತುಗಳೆಂದು ಕರೆದರೆ ತಪ್ಪಾಗಲಾರದು.

ಈ ಕಡತಗಳಲ್ಲಿ ಕೇಳಿಸುವುದು ಜನರ ಧ್ವನಿ ಮಾತ್ರವಲ್ಲ. ನಗರಾಡಳಿತವೂ ತನ್ನನ್ನು ತಾನು ಇಲ್ಲಿ ಬಣ್ಣಿಸಿಕೊಳ್ಳುತ್ತದೆ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಪ್ರಕರಣ ಇದಕ್ಕೆ ಪ್ರಸಿದ್ಧ ನಿದರ್ಶನ. ತೆರೆದ ಚರಂಡಿ, ದುರ್ನಾತ, ಶೌಚಾಲಯಗಳ ಕೊರತೆಯ ಬಗೆಗೆ ನಿವಾಸಿಗಳು ದಂಡಾಧಿಕಾರಿಯ ಮೊರೆಹೋದಾಗ ಪುರಸಭೆ ತನ್ನ ಬಳಿ ಹಣವಿಲ್ಲವೆಂದು ವಾದಿಸಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ವಾದವನ್ನು ತಳ್ಳಿಹಾಕಿ, ಹಣಕಾಸಿನ ಅಶಕ್ತತೆ ಶಾಸನಬದ್ಧ ಕರ್ತವ್ಯದಿಂದ ಬಿಡುಗಡೆ ನೀಡದೆಂದು ಸಾರಿದರು. ತೀರ್ಪು ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ಗೊತ್ತು. ಆದರೆ ಬಡ ಪುರಸಭೆಯೊಂದು ತನ್ನ ಬಡತನವನ್ನು ಹೇಗೆ ಲೆಕ್ಕ ಹಾಕುತ್ತದೆ, ಯಾವ ಬೀದಿಯ ಚರಂಡಿಯನ್ನು ಮೊದಲು ಹಿಡಿಯಬೇಕೆಂದು ಯಾವ ಮಾತುಗಳಲ್ಲಿ ತರ್ಕಿಸುತ್ತದೆ ಎಂಬುದು ತೀರ್ಪಿನಲ್ಲಿ ಸಿಗುವುದಿಲ್ಲ. ಅದು ಸಿಗುವುದು ಕೆಳಹಂತದ ಎಂಜಿನಿಯರು, ಆರೋಗ್ಯ ನಿರೀಕ್ಷಕರು ವಕೀಲರಿಗಾಗಿ ಬರೆದುಕೊಡುವ ಪ್ಯಾರಾವಾರು ಷರಾಗಳಲ್ಲಿ. ನಾನು ಭಾಷಾಂತರಿಸಿದ ಇಂಥ ಷರಾಗಳಲ್ಲಿ ಕೆಲವು ಒಳ್ಳೆಯ ಗದ್ಯದ ಮಾದರಿಗಳಾಗಿದ್ದವು. ಕಂಡದ್ದನ್ನು ಕಂಡಷ್ಟೇ ಹೇಳುವ ಸಂಯಮ ಅವುಗಳಲ್ಲಿತ್ತು.

ಈ ಪತ್ರಾಗಾರಕ್ಕೆ ಒಂದು ಗಂಭೀರ ಮಿತಿಯೂ ಇದೆ, ಅದನ್ನು ಮರೆಯುವಂತಿಲ್ಲ. ನೋಟೀಸು ಬರುವುದು ವಿಳಾಸವಿರುವವರಿಗೆ. ವಿಳಾಸವೇ ಇಲ್ಲದವರಿಗೆ ನೋಟೀಸಿಲ್ಲ, ನೋಟೀಸಿಲ್ಲದೆಡೆ ಉತ್ತರವಿಲ್ಲ, ಉತ್ತರವಿಲ್ಲದೆಡೆ ಕಡತವಿಲ್ಲ. 1981ರ ಮುಂಗಾರಿನಲ್ಲಿ ಮುಂಬಯಿಯ ಪಾದಚಾರಿ ರಸ್ತೆಗಳ ವಾಸಿಗಳನ್ನು ತೆರವುಗೊಳಿಸುವ ನಿರ್ಧಾರವಾದಾಗ ಅಲ್ಲಿನ 1888ರ ಮಹಾನಗರಪಾಲಿಕೆ ಅಧಿನಿಯಮದ 314ನೆಯ ಪ್ರಕರಣ ನೋಟೀಸಿಲ್ಲದೆಯೇ ತೆರವುಗೊಳಿಸಲು ಆಯುಕ್ತರಿಗೆ ಅಧಿಕಾರ ಕೊಟ್ಟಿತ್ತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಹೂಡಿದ ಪ್ರಕರಣದಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಹೇಳಿದ ಈ ತೀರ್ಪು, ಆ ಪ್ರಕರಣವನ್ನು ಅಸಿಂಧುವೆನ್ನದಿದ್ದರೂ, ಸಾಮಾನ್ಯವಾಗಿ ನೋಟೀಸು ಕೊಟ್ಟು ಅಹವಾಲು ಕೇಳಲೇಬೇಕೆಂದು ವಿಧಿಸಿತು. ಅಹವಾಲು ಕೇಳುವುದರಿಂದ ಫಲಿತಾಂಶ ಬದಲಾಗದಿದ್ದರೂ ಕೇಳಿಸಿಕೊಳ್ಳುವುದಕ್ಕೇ ಒಂದು ಸ್ವಂತ ಮೌಲ್ಯವಿದೆ ಎಂಬ ವಿಚಾರ ಅದರಲ್ಲಿದೆ. ಅರ್ಜಿದಾರರಲ್ಲೊಬ್ಬನ ಸಂಕ್ಷಿಪ್ತ ಜೀವನಚರಿತ್ರೆಯೂ ತೀರ್ಪಿನಲ್ಲಿ ಬರುತ್ತದೆ: ಬರಗಾಲದಿಂದ ಕೆಲಸ ಕಳೆದುಕೊಂಡ ಭೂಹೀನ ಕೂಲಿಕಾರ 1961ರಲ್ಲಿ ತಮಿಳುನಾಡಿನ ಸೇಲಂನಿಂದ ಮುಂಬಯಿಗೆ ಬಂದದ್ದು, ಹೆದ್ದಾರಿಯ ಪಕ್ಕದ ಪಾದಚಾರಿ ರಸ್ತೆಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಕ್ಯಾನ್ವಾಸಿನ ಆಸರೆಗಾಗಿ 2,500 ರೂಪಾಯಿ ತೆತ್ತದ್ದು. ಅಷ್ಟು ವಿವರ ಇಂಗ್ಲಿಷಿನಲ್ಲಿ ಉಳಿದಿರುವುದೇ ದೊಡ್ಡದು. ಆದರೆ ಆತ ಅದನ್ನು ತನ್ನ ಮಾತಿನಲ್ಲಿ ಹೇಳಿಕೊಂಡ ಬಗೆ ತೀರ್ಪಿನಲ್ಲಿಲ್ಲ. ನಮ್ಮ ನಗರಗಳಿಗೆ ಬಂದ ಕಲ್ಯಾಣ ಕರ್ನಾಟಕದ ಕಟ್ಟಡ ಕೂಲಿಕಾರರ ಮಾತಿಗೂ ಇದೇ ಗತಿ. ಕಡತಗಳನ್ನು ಓದುವವರು ಅವುಗಳ ಒಳಗೆ ಬಾರದೇ ಉಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅವರ ಚಿತ್ರ ಅಪೂರ್ಣವಾಗುತ್ತದೆ.

ಕಾನೂನು ವಿಭಾಗದ ದಾಖಲೆಗಳಿಗೆ ಇರುವ ಅಪಾಯ ಉಳಿದ ಸರ್ಕಾರಿ ಕಾಗದಗಳಿಗಿಂತ ಹೆಚ್ಚಿನದು. ಮೊಕದ್ದಮೆ ಮುಗಿದ ದಿನವೇ ಅದರ ಕಡತ ನಿರುಪಯುಕ್ತವೆಂಬ ಭಾವನೆ ಹುಟ್ಟುತ್ತದೆ. ಕಡತಗಳನ್ನು ವರ್ಗೀಕರಿಸಿ ಕೆಲವನ್ನು ಶಾಶ್ವತವಾಗಿಯೂ ಉಳಿದವನ್ನು ನಿಗದಿತ ಅವಧಿಯವರೆಗೂ ಇಡುವ ಪದ್ಧತಿ ಆಡಳಿತದಲ್ಲಿದೆ. ಆಸ್ತಿಯ ಹಕ್ಕು ನಿರ್ಧರಿಸುವ ಆದೇಶ ಶಾಶ್ವತವೆನಿಸಿಕೊಳ್ಳುವುದು ಸಹಜ; ಅದರೊಡನೆ ಇದ್ದ ಉತ್ತರದ ಪುಟಗಳಿಗೆ ಆ ಮರ್ಯಾದೆ ದೊರೆಯುವ ಭರವಸೆಯಿಲ್ಲ. ವರ್ಗೀಕರಣ ನಡೆಯುವುದು ಮುಂದೆ ಕಾನೂನಿಗೆ ಬೇಕಾಗಬಹುದೇ ಎಂಬ ಒಂದೇ ದೃಷ್ಟಿಯಿಂದ. ಭಾಷೆಗೆ, ಚರಿತ್ರೆಗೆ ಬೇಕಾಗಬಹುದೇ ಎಂದು ಕೇಳುವವರು ಆ ಕೋಣೆಯಲ್ಲಿ ಇರುವುದಿಲ್ಲ.

ಇದರ ಜೊತೆಗೆ ನಗರಾಡಳಿತಗಳ ಪುನರ್ರಚನೆಯನ್ನು ಗಮನಿಸಬೇಕು. ಬೆಂಗಳೂರಿನಲ್ಲಿ 1862ರಲ್ಲಿ ಪೇಟೆಗೂ ದಂಡು ಪ್ರದೇಶಕ್ಕೂ ಪ್ರತ್ಯೇಕ ಪುರಸಭೆಗಳು ಏರ್ಪಟ್ಟವು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ವಂಶಕ್ಕೆ ಮರಳಿದ ಮೇಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿದು 1947ರಲ್ಲಿ ಮೈಸೂರಿಗೆ ಸೇರಿತು. ಎರಡನ್ನೂ ಕೂಡಿಸಿ ನಗರಪಾಲಿಕೆಯಾದದ್ದು 1949ರಲ್ಲಿ. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದವು. ಇಂಥ ಪ್ರತಿಯೊಂದು ಕೂಡಿಕೆ, ಪ್ರತಿಯೊಂದು ವಿಭಜನೆ ಎಂದರೆ ಕಡತಗಳ ಸ್ಥಳಾಂತರ. ಹಳ್ಳಿಯ ಪಂಚಾಯತಿ ಕೊಟ್ಟ ಕೈಬರಹದ ನೋಟೀಸು, ನಗರಸಭೆಯ ವಕಾಲತ್ತು, ಪಾಲಿಕೆಯ ತಕರಾರು ಹೇಳಿಕೆ ಒಂದೇ ನಿವೇಶನದ ಕಥೆಯನ್ನು ಹೇಳುತ್ತಿದ್ದರೂ ಮೂರು ಕಟ್ಟಡಗಳಲ್ಲಿ ಚದುರಿಹೋಗುವ ಸಂಭವ ಇಂಥ ಸಮಯದಲ್ಲೇ ಹೆಚ್ಚು. ಚಾಲ್ತಿಯಲ್ಲಿರುವ ಮೊಕದ್ದಮೆಯ ಕಡತವನ್ನು ಹೊತ್ತೊಯ್ಯಲು ವಕೀಲರಿರುತ್ತಾರೆ. ಮುಗಿದ ಮೊಕದ್ದಮೆಯ ಕಡತಕ್ಕೆ ವಾರಸುದಾರರಿರುವುದಿಲ್ಲ.

ಸಂಶೋಧಕರು ಇವುಗಳನ್ನು ಓದಲು ಹೊರಟಾಗ ಎದುರಾಗುವ ಎರಡು ತೊಡಕುಗಳನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊದಲನೆಯದು ಗೋಪ್ಯತೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಹಿಂದೆ 1872ರ ಸಾಕ್ಷ್ಯ ಅಧಿನಿಯಮ ಕೊಟ್ಟಿದ್ದ ರಕ್ಷಣೆಯನ್ನು ಅದರ ಸ್ಥಾನದಲ್ಲಿ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಮುಂದುವರಿಸಿದೆ. ಹೀಗಾಗಿ ಪಾಲಿಕೆಗೆ ವಕೀಲರು ಕೊಟ್ಟ ಅಭಿಪ್ರಾಯಗಳನ್ನು ಕೇಳಿದ ಕೂಡಲೇ ಯಾರೂ ಕೊಡಲಾರರು, ಕೊಡಬೇಕೆಂದು ನಾವು ಹಟ ಹಿಡಿಯಬೇಕಾಗಿಯೂ ಇಲ್ಲ. ನಮಗೆ ಮುಖ್ಯವಾದದ್ದು ಜನರ ಉತ್ತರಗಳು. ಅವು ಎದುರುಪಕ್ಷಕ್ಕೆ ಬರೆದ ಪತ್ರಗಳೇ ಹೊರತು ವಕೀಲರೊಡನೆ ಆಡಿದ ಗುಟ್ಟಲ್ಲ. ಎರಡನೆಯ ತೊಡಕು ನೈತಿಕವಾದದ್ದು. ಸಾಲ, ಜಗಳ, ಕಾಯಿಲೆಗಳ ವಿಷಯವನ್ನು ಆ ಜನ ಪ್ರಕಟಣೆಗಾಗಿ ಬರೆಯಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಅದೇ ಬೀದಿಯಲ್ಲಿರಬಹುದು. ಹೆಸರು, ಸಂಖ್ಯೆ, ಸ್ಥಳದ ಗುರುತುಗಳನ್ನು ಮರೆಮಾಡಿ ಭಾಷೆಯನ್ನೂ ನಿರೂಪಣೆಯನ್ನೂ ಅಧ್ಯಯನ ಮಾಡುವ ಶಿಸ್ತನ್ನು ನಾವು ಮೊದಲೇ ರೂಪಿಸಿಕೊಳ್ಳಬೇಕು. ಸಾವಿರ ವರ್ಷದ ಹಿಂದಿನ ದಾನಿಯ ಹೆಸರನ್ನು ಅಚ್ಚುಹಾಕುವ ಸ್ವಾತಂತ್ರ್ಯ ಇಲ್ಲಿ ಇಲ್ಲ.

ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡ ಅನುದಾನವನ್ನೇ ಬೇಡುವಂಥದಲ್ಲ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರ ತನ್ನ ದಾಖಲೆಗಳನ್ನು ಪಟ್ಟಿಮಾಡಿ ಸೂಚಿ ಸಮೇತ ಇಡಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವೇ ವಿಧಿಸುತ್ತದೆ. ತಮ್ಮ ಊರಿನ ನಗರಸಭೆ ಅಥವಾ ಪಾಲಿಕೆಯ ಕಾನೂನು ವಿಭಾಗದಲ್ಲಿ ಮುಗಿದ ಮೊಕದ್ದಮೆಗಳ ಪಟ್ಟಿಯಿದೆಯೇ ಎಂದು ವಿಚಾರಿಸುವುದು ಮೊದಲ ಹೆಜ್ಜೆ. ನಾಶಪಡಿಸಲು ಗೊತ್ತುಪಡಿಸಿದ ಕಡತಗಳನ್ನು ವಿಲೇವಾರಿಗೆ ಮುನ್ನ ಒಮ್ಮೆ ನೋಡಲು ಅನುಮತಿ ಕೋರುವುದು ಎರಡನೆಯದು. ಬೆಳಗಾವಿ, ಕಲಬುರಗಿ, ಮಂಗಳೂರು, ಮೈಸೂರುಗಳ ಉತ್ತರಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಆಡಳಿತದೊಡನೆ ಮಾತಾಡುವಾಗ ಪ್ರಾದೇಶಿಕ ಕನ್ನಡಗಳು ಎಲ್ಲಿ ಬಾಗುತ್ತವೆ, ಎಲ್ಲಿ ಬಾಗುವುದಿಲ್ಲ ಎಂಬುದು ತಿಳಿಯುತ್ತದೆ. ಅರ್ಜಿಕನ್ನಡದ ಒಂದು ಪದಕೋಶ, ಚಕ್ಕುಬಂದಿಗಳಿಂದ ನಗರದ ಸ್ಥಳನಾಮಗಳ ಒಂದು ಕೋಶ, ಪತ್ರಬರಹಗಾರರ ಶೈಲಿಯ ಅಧ್ಯಯನ ಇವು ಸಂಶೋಧನ ಪ್ರಬಂಧಗಳಿಗೆ ತಕ್ಕ ವಿಷಯಗಳು. ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಿಂದ ಜನರ ಅಹವಾಲುಗಳಿಗೆ ಒಂದು ವೇದಿಕೆಯಾಗಿತ್ತು. ಅದರ ನಡಾವಳಿಗಳು ಅಚ್ಚಾಗಿ ಉಳಿದಿರುವುದರಿಂದ ಚರಿತ್ರಕಾರರು ಅವನ್ನು ಬಳಸಿಕೊಂಡರು. ಬೀದಿಯ ಅಹವಾಲುಗಳು ಅಚ್ಚಾಗಲಿಲ್ಲ ಎಂಬ ಕಾರಣಕ್ಕೆ ಅವು ಕಡಿಮೆ ಬೆಲೆಯವು ಆಗುವುದಿಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೆ ಈ ಉತ್ತರಗಳನ್ನು ಬರೆದವರಲ್ಲಿ ಅನೇಕರು ಸೋತವರು. ಅವರ ಅಹವಾಲನ್ನು ಪರಿಶೀಲಿಸಲಾಯಿತು ಎಂದು ಆದೇಶಗಳು ಹೇಳುತ್ತವೆ. ಕೆಲವು ಸಲ ಅದು ನಿಜವೂ ಆಗಿತ್ತು. ಕೇಳಿಸಿಕೊಳ್ಳುವುದಕ್ಕೆ ಸ್ವಂತ ಮೌಲ್ಯವಿದೆಯೆಂದು 1985ರ ತೀರ್ಪು ಹೇಳಿದ ಮಾತು ನ್ಯಾಯಾಲಯಗಳಿಗೆ ಮಾತ್ರ ಅನ್ವಯಿಸಬೇಕಾಗಿಲ್ಲ. ನ್ಯಾಯಾಲಯ ತನ್ನ ಪ್ರಶ್ನೆಗೆ ಬೇಕಾದಷ್ಟನ್ನು ಕೇಳಿಸಿಕೊಂಡಿತು. ಉಳಿದದ್ದನ್ನು ಕೇಳಿಸಿಕೊಳ್ಳಲು ತರಬೇತಿ ಪಡೆದವರು ನಾವು. ಅಳಿಸಿಹೋದ ಅಕ್ಷರವೊಂದನ್ನು ಗುರುತಿಸಲು ಶಾಸನದ ಕಲ್ಲಿನ ಮುಂದೆ ದಿನಗಟ್ಟಲೆ ಕುಳಿತ ವಿದ್ವಾಂಸರ ಪರಂಪರೆ ನಮ್ಮದು. ಇನ್ನೂ ಸ್ಪಷ್ಟವಾಗಿ ಓದಬಹುದಾದ, ನೀಲಿ ಶಾಯಿಯ ಈ ಪುಟಗಳಿಗೆ ಅಷ್ಟು ಶ್ರಮವೂ ಬೇಕಾಗಿಲ್ಲ. ಗೆದ್ದಲು ಮತ್ತು ವಿಲೇವಾರಿ ಆದೇಶಗಳಿಗಿಂತ ಮೊದಲು ನಾವು ಆ ಕಪಾಟುಗಳನ್ನು ತಲುಪಿದರೆ ಸಾಕು.